ಓಣಿಯಲ್ಲೊಬ್ಬರಿಗೆ ಕ್ಯಾನ್ಸರ್ ಆಗಿದೆ, ನಾವೇನು ಮಾಡಬಹುದು?

ಪ್ರಶ್ನೆ (ಕಾರಟಗಿ ಹತ್ತಿರದ ಹಳ್ಳಿಯಿಂದ):
ಮೇಡಂ, ನಮಸ್ಕಾರ. ನಮ್ಮ ಓಣಿಯ ಚಿಗವ್ವನಿಗೆ ಎದೆ ಕ್ಯಾನ್ಸರ್. ಆಪರೇಷನ್ ಆಗಿದೆ, ಈಗ ಕೀಮೋಗೆ ಬೆಂಗಳೂರಿಗೆ ಹೋಗಿ ಬರುತ್ತಾರೆ. ನಮ್ಮ ಮಹಿಳಾ ಸಂಘದ ಏಳು ಜನ ಮಾತಾಡಿಸೋಕೆ ಹೋಗಿದ್ದೆವು. "ಧೈರ್ಯ ತಗೋ, ದೇವರಿದಾನ" ಅಂದರೆ ಅವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನಾವು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಫೋಟೋ ಹಾಕಿ ದುಡ್ಡು ಎತ್ತೋಣ ಅಂತ ಒಬ್ಬರು ಹೇಳುತ್ತಿದ್ದಾರೆ. ಸರಿನಾ?

ಉತ್ತರ (ಆಸ್ಪತ್ರೆಯ ಸಮಾಜ ಕಾರ್ಯಕರ್ತೆ):
ಅಕ್ಕಾ, ಮೊದಲು ಫೋಟೋ ಬೇಡ. ಅವರನ್ನು ಕೇಳದೆ ಏನನ್ನೂ ಹಾಕಬೇಡಿ. ಎದೆಯ ಆಪರೇಷನ್ ಆದ ಹೆಂಗಸು, ಊರೆಲ್ಲಾ ನೋಡುತ್ತೆ ಅಲ್ವಾ?

ಧೈರ್ಯದ ಮಾತಿನ ಬಗ್ಗೆ ನಂದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಮಾನ್ವಿ ಕಡೆಯ ಒಬ್ಬರು ತಲೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡು ಅಳುತ್ತಾ ಕೂತಿದ್ದರು. ನಾನು ಹೋಗಿ, "ಕೂದಲು ಮತ್ತೆ ಬರ್ತಾವೆ ಬಿಡ್ರಿ" ಅಂದೆ. ಅವರು ಕಣ್ಣು ಒರೆಸಿಕೊಂಡು, "ಕೂದಲಿಗಲ್ರೀ. ಮುಂದಿನ ತಿಂಗಳು ಮಗಳ ಮದುವಿ. ಬ್ಯಾನಿ ಬಿದ್ದಾಕಿ ಕೈಲಿ ಆರತಿ ಹಿಡಸ್ತಾರೇನು?" ಅಂದರು. ನಾನು ಕೇಳಿಯೇ ಇರಲಿಲ್ಲ, ಹೇಳಿಬಿಟ್ಟಿದ್ದೆ.

"ಏನಾದ್ರೂ ಬೇಕಾದ್ರೆ ಹೇಳು" ಅನ್ನೋದೂ ಅಷ್ಟೇ. ಯಾರೂ ಬಾಯಿಬಿಟ್ಟು ಕೇಳಲ್ಲ. ಕೆಲಸದ ಹೆಸರು ಹಿಡಿದು ಕೇಳಿ: "ಬುಧವಾರ ಬೆಂಗಳೂರಿಗೆ ಹೋಗ್ತೀರಲ್ಲ, ಎರಡು ದಿನ ಎಮ್ಮೆ ಹಿಂಡೋದು ನಾನು ನೋಡ್ಕೊಳ್ಳಲಾ?" ಅವರು ಬೇಡ ಅಂದರೆ ಬೇಡ.

ಅಡುಗೆ ಕೊಡುವ ಮುಂಚೆಯೂ ಕೇಳಿ. ಕೀಮೋ ತಗೊಂಡವರಿಗೆ ಬಾಯಿ ಹುಣ್ಣಾಗಬಹುದು. ಆಗ ಖಡಕ್ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಮುಟ್ಟೋಕಾಗಲ್ಲ. ಕೆಲವರಿಗೆ ಒಗ್ಗರಣೆ ವಾಸನೆಗೇ ವಾಂತಿ ಬರುತ್ತದೆ. ಮೆತ್ತಗಿನ ನುಚ್ಚು, ಬಿಸಿಯಾರಿದ ಗಂಜಿ ಸೇರಬಹುದು. ಡಾಕ್ಟರು ಏನಾದರೂ ಬೇಡ ಅಂದಿದ್ದರೆ ಅದೇ ಕೊನೆ ಮಾತು.

ಇನ್ನು ದುಡ್ಡು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಸಿಗುತ್ತದೆ. ನಾನು ನೋಡಿದ ಮಟ್ಟಿಗೆ ಮನೆಗಳು ಸೋಲುವುದು ಓಡಾಟದಲ್ಲಿ. ಬಸ್ಸು, ಊಟ, ರೂಮು, ಜೊತೆಗೆ ಹೋದವರ ಕೂಲಿ ಬೇರೆ ಹೋಯಿತು. ಭತ್ತ ನಾಟಿ ಹೊತ್ತಲ್ಲಿ ಇಬ್ಬರ ಕೂಲಿ ತಪ್ಪಿದರೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಸಂಘದಿಂದ ಕೊಡೋದಿದ್ದರೆ ಇದಕ್ಕೆ ಕೊಡಿ, ಸದ್ದಿಲ್ಲದೆ.

ರೈಲಿನದ್ದು ಬಹಳ ಜನ ಬಿಟ್ಟುಬಿಡುತ್ತಾರೆ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ. ಆಸ್ಪತ್ರೆಯಲ್ಲಿ ರೈಲ್ವೆ ನಮೂನೆಯ ಸರ್ಟಿಫಿಕೇಟ್ ಕೇಳಿ, ಸಹಿ ಸೀಲು ಹಾಕಿಸಿಕೊಂಡು ರಿಸರ್ವೇಶನ್ ಕೌಂಟರಿನಲ್ಲಿ ತೋರಿಸಬೇಕು. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಬಸ್ಸಿನಲ್ಲಿ ಕೂತೇ ಹೋಗೋದಕ್ಕಿಂತ ಮಲಗಿಕೊಂಡು ಹೋಗೋದು ಮೈಗೂ ಸುಖ.

ನಿಮ್ಮಲ್ಲಿ ಓದು ಬರಹ ಚೆನ್ನಾಗಿ ಬಲ್ಲವರೊಬ್ಬರು ಅವರ ಫೈಲ್ ಜೋಡಿಸಿಕೊಡಿ. ಬಯಾಪ್ಸಿ ರಿಪೋರ್ಟ್, ರೆಫರಲ್ ಚೀಟಿ, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡ್, ಆಧಾರ್, ಎಲ್ಲದರ ಎರಡೆರಡು ಜೆರಾಕ್ಸ್. ಹಳದಿ ಕ್ಯಾರಿಬ್ಯಾಗಿನಲ್ಲಿ ಮುದ್ದೆಯಾದ ರಿಪೋರ್ಟ್ ಹುಡುಕುವಷ್ಟರಲ್ಲಿ ಕೌಂಟರ್ ಮುಚ್ಚಿದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಮತ್ತೊಬ್ಬರು (ರಾಯಚೂರು):
ಮೇಡಂ, ನಮ್ಮ ಮನೆಯಲ್ಲೂ ಒಬ್ಬರಿಗೆ ಕ್ಯಾನ್ಸರ್. ನಮ್ಮತ್ತೆ ಅವರ ತಾಟು ಲೋಟ ಬೇರೆ ಇಟ್ಟಿದ್ದಾರೆ. ಬೇಕಾ?

ಉತ್ತರ:
ಬೇಡ. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಾಟಲ್ಲಿ ಉಂಡರೆ ಹರಡಲ್ಲ. ಹುಷಾರಿರಬೇಕಾದವರು ನಾವು. ಕೀಮೋ ಹೊತ್ತಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿ ಅವರಿಗೇ ಬೇಗ ಸೋಂಕು ತಗಲುತ್ತದೆ. ನೆಗಡಿ, ಜ್ವರ ಇದ್ದವರು ಆ ಮನೆ ಕಡೆ ಹೋಗಬಾರದು.

ಮತ್ತೊಬ್ಬರು (ಸಿಂಧನೂರು):
ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್, ದವಡೆ ಆಪರೇಷನ್ ಆಗಿದೆ. ಮಾತು ಸರಿಯಾಗಿ ತಿಳಿಯಲ್ಲ. ದಿನಾ ಕಟ್ಟೆಗೆ ಹೋಗುತ್ತಿದ್ದ ಮನುಷ್ಯ ಈಗ ಬಾಗಿಲಾಚೆ ಬರಲ್ಲ. ಬಂದವರೆಲ್ಲ "ಗುಟ್ಕಾ ಬಿಡು ಅಂತ ಅವತ್ತೇ ಹೇಳಿದ್ದೆ" ಅನ್ನುತ್ತಾರೆ.

ಉತ್ತರ:
ಅಣ್ಣಾ, ಹಾಗೆ ಅನ್ನುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಅಪ್ಪನಿಗೆ ಅದು ಗೊತ್ತಿಲ್ಲದ ಸುದ್ದಿಯಾ?

ಅವರ ಹಳೇ ಗೆಳೆಯರು ಇಬ್ಬರನ್ನು ನೀವೇ ಕರೆಯಿರಿ, ಸಂಜೆ ಹೊತ್ತು, ಊಟದ ಹೊತ್ತಲ್ಲಿ ಬೇಡ. ಬಾಯಿಂದ ಸೋರುತ್ತದೆ ಅಂತ ಇಂಥವರು ಬೇರೆಯವರೆದುರು ಉಣ್ಣೋಕೆ ನಾಚುತ್ತಾರೆ. ಚೌಕಾಬಾರ ಹಾಸಿ. ಆ ಆಟಕ್ಕೆ ಮಾತು ಜಾಸ್ತಿ ಬೇಕಿಲ್ಲ. ಪಕ್ಕದಲ್ಲಿ ಒಂದು ಸ್ಲೇಟು ಬಳಪ ಇರಲಿ. ಅವರು ಏನೋ ಹೇಳಿದ್ದು ತಿಳಿಯದಿದ್ದರೆ ಸುಮ್ನೆ ತಲೆ ಆಡಿಸಬೇಡಿ, ಇನ್ನೊಂದು ಸಲ ಕೇಳಿ.

ನೀವು ನಿದ್ದೆ ಮಾಡುತ್ತಿದ್ದೀರಾ? ನೋಡಿಕೊಳ್ಳುವವರ ಕಡೆ ಯಾರ ಗಮನವೂ ಹೋಗಲ್ಲ. ಮನಸ್ಸು ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಟೆಲಿ ಮಾನಸ್ ಅಂತ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲು ಕೇಳಿದವರು (ನಾಲ್ಕು ದಿನದ ನಂತರ):
ಮೇಡಂ, ಚಿಗವ್ವನನ್ನು ಕೇಳಿದೆ. ಎಮ್ಮೆ ಹಿಂಡೋಕೆ ಅವರ ತಮ್ಮ ಬರುತ್ತಾನಂತೆ. ಫೈಲ್ ಮಾಡಿಕೊಟ್ಟೆ. ಏಳೋ ಹೊತ್ತಿಗೆ, "ಸಂಘದ ಲೆಕ್ಕದ ಬುಕ್ಕು ಯಾಕ ಕಸಗೊಂಡ್ರಿ? ನನ್ನ ಕೈ ಏನ್ ಬಿದ್ದು ಹೋಗ್ಯಾವೇನು?" ಅಂದರು. ಆರು ವರ್ಷದಿಂದ ಅವರೇ ಬರೆಯುತ್ತಿದ್ದರು. ತ್ರಾಸ ಬೇಡ ಅಂತ ನಾವೇ ತಗೊಂಡು ಬಂದಿದ್ದೆವು.

ಉತ್ತರ:
ಇವತ್ತೇ ವಾಪಸ್ ಕೊಟ್ಟು ಬನ್ನಿ. ಮುಂದಿನ ಸಭೆ ಅವರ ಮನೆ ಪಡಸಾಲೆಯಲ್ಲೇ ಮಾಡಬಹುದಾ ಅಂತಲೂ ಕೇಳಿ.