ಕಾಲು ಹಿಂದಕ್ಕ ಹೋಗವಲ್ದು, ಟೊಂಕ ಹಿಡಿತದ: ಅನುಭವ ಇದ್ದೋರು ಹೇಳ್ರಿ

ಕೇಳಿದವರು, ಕಲಬುರಗಿ:
ಸೂಪರ್ ಮಾರ್ಕೆಟ್ ಬಜಾರದಾಗ ಒಂದು ಬಟ್ಟಿ ಅಂಗಡಿ ಲೆಕ್ಕ ಬರಿತೀನ್ರಿ, ದಿನಾ ಕುಂತೇ ಕೆಲಸ. ಮುಂಜಾನಿ ಶರಣಬಸವೇಶ್ವರ ಕೆರಿ ಸುತ್ತ ಜೋರಾಗಿ ನಡದ್ರ ಹೆಜ್ಜಿ ಸಣ್ಣದಾಗ್ತದ, ಕಾಲು ಹಿಂದಕ್ಕ ಹೋಗಂಗಿಲ್ಲ, ಟೊಂಕ ಹಿಡಿತದ. ತೊಡಿ ಮುಂದಿನ ಸ್ನಾಯು ಬಿಗಿ ಆಗ್ಯಾವ, ಸ್ಟ್ರೆಚ್ ಮಾಡ್ರಿ ಅಂತ ಜಿಮ್‌ನವರು ಹೇಳಿದ್ರು. ಮಾಡಿದ್ರ ಟೊಂಕ ಇನ್ನಷ್ಟು ನೋಯ್ತದ. ಯಾರಿಗರೆ ಹಿಂಗಾಗಿ ಕಡಿಮಿ ಆಗ್ಯದೇನ್ರಿ?

ಬೀದರ್‌ನಿಂದ:
ನಮ್ಮದು ಬಿದ್ರಿ ಕೆಲಸ. ನೆಲದ ಮ್ಯಾಲ ಕುಂತು, ಮೈ ಮುಂದ ಬಗ್ಗಿಸಿ ಬೆಳ್ಳಿ ತಂತಿ ಕೂಡಿಸ್ತೀವಿ. ಎದ್ದ ಕೂಡಲೇ ತೊಡಿ ಸಂದು ಜಗ್ತದ, ನೆಟ್ಟಗ ನಿಲ್ಲಲಿಕ್ಕ ಜರಾ ಹೊತ್ತು ಬೇಕಾಗ್ತದ. ನನಗ ಫರಕ್ ಕಂಡದ್ದು ಕೆಲಸದ ನಡುನಡುವ ಎದ್ದು, ಬಾಗಿಲ ಚೌಕಟ್ಟು ಹಿಡ್ಕೊಂಡು ಒಂದೊಂದೇ ಕಾಲು ಹಿಂದ ಇಟ್ಟು ನಿಲ್ಲೋದ್ರಿಂದ. ಸಂಜಿಗಿ ಒಮ್ಮೆಲೇ ಜಗ್ಗಾಡೋದಕ್ಕಿಂತ ಇದು ಭಾಳ ಛಲೋ.

ಫಿಸಿಯೋಥೆರಪಿಸ್ಟ್, ಕಲಬುರಗಿ:
ಅಣ್ಣಾ, ಸ್ಟ್ರೆಚ್ ಮಾಡಿದ್ರ ಟೊಂಕ ನೋಯ್ತದ ಅಂದ್ರಲ್ಲ, ಮೊದಲು ನೋಡಬೇಕಾದ್ದು ಅದೇ. ಹಿಪ್ ಜಾಯಿಂಟ್ ಹಿಂದಕ್ಕ ಹೋಗೋದೇ ಸಾಮಾನ್ಯವಾಗಿ 10ರಿಂದ 20 ಡಿಗ್ರಿ. ಅದಕ್ಕಿಂತ ಹೆಚ್ಚು ಹೋದಂಗ ಕಂಡ್ರ ಬಹಳ ಸಲ ಅಲ್ಲಿ ಬಗ್ಗೋದು ಟೊಂಕ. ಸೋವಾಸ್ ಅನ್ನೋ ಸ್ನಾಯು ಟೊಂಕದ ಮಣಿಗಳಿಂದ ಹೊರಟು ತೊಡಿ ಎಲುಬಿನ ಒಳಮಗ್ಗಲಿಗಿ ಕೂಡ್ತದ. ಅದು ಬಿಗಿ ಇದ್ದಾಗ ತೊಡಿ ಹಿಂದಕ್ಕ ಒಯ್ದ್ರ ಟೊಂಕದ ಮಣಿ ಮುಂದಕ್ಕ ಎಳಕೊಂಡು ಬರ್ತಾವ. ಹಿಂಗಾಗಿ ಕಟಿ ಎಲುಬು (ಪೆಲ್ವಿಸ್) ಹಿಡಿತಕ್ಕ ತಗೊಳ್ಳದೇ ಎಷ್ಟು ಜಗ್ಗಿದ್ರೂ ಪೆಟ್ಟು ಟೊಂಕಕ್ಕೇ.

ಯಾವುದು ತಡೀಲಕತ್ತದ ಅಂತ ಮೊದಲು ನೋಡ್ಕೋರಿ. 19ನೇ ಶತಮಾನದ ಮೂಳಿ ಡಾಕ್ಟರ್ ಹ್ಯೂ ಓವನ್ ಥಾಮಸ್ ಹೆಸರಿನ ಪರೀಕ್ಷೆ ಅದ, ಜರಾ ಬದಲಿಸಿ ಮನ್ಯಾಗೇ ಮಾಡಬಹುದು. ಮೆತ್ತನ್ನ ಗಾದಿ ಬ್ಯಾಡ, ಗಟ್ಟಿ ಮಂಚದ ತುದಿಗಿ ಕುಂತು ಹಿಂದಕ್ಕ ಮಲಗ್ರಿ, ಎರಡೂ ಮೊಳಕಾಲು ಎದಿಗಿ ತಗೋರಿ. ಟೊಂಕ ಮಂಚಕ್ಕ ತಾಗೋವಷ್ಟೇ ಒಂದು ಮೊಳಕಾಲು ಹಿಡ್ಕೊಂಡು ಇನ್ನೊಂದು ಕಾಲು ಕೆಳಗ ಬಿಡ್ರಿ. ತೊಡಿ ಮಂಚದ ಮಟ್ಟಕ್ಕ ಬಂದು, ಮೊಳಕಾಲು ಸುಮಾರು 80ರಿಂದ 90 ಡಿಗ್ರಿ ಮಡಚಿ ಜೋತು ಬಿದ್ದ್ರ ಉದ್ದ ಬರೋಬರಿ ಅದ. ತೊಡಿ ಮ್ಯಾಲೇ ನಿಂತ್ರ ಮೊಳಕಾಲು ಮೆಲ್ಲಗ ನೆಟ್ಟಗ ಮಾಡ್ರಿ. ಆಗ ತೊಡಿ ಇಳದ್ರ ಬಿಗಿ ಇರೋದು ತೊಡಿ ಮುಂದಿನ ರೆಕ್ಟಸ್ ಫೆಮೊರಿಸ್ ಸ್ನಾಯು, ಅದು ಹಿಪ್ಪು, ಮೊಳಕಾಲು ಎರಡನ್ನೂ ದಾಟ್ತದ. ಆಗಲೂ ಇಳಿಲಿಲ್ಲಂದ್ರ ಸೋವಾಸ್ ಕಡಿ, ಇಲ್ಲಾ ಜಾಯಿಂಟ್ ಕಡಿ ನೋಡಬೇಕು.

ಸ್ಟ್ರೆಚ್ ಹಿಂಗ ಮಾಡ್ರಿ. ನಮ್ಮ ಕಡಿ ಮನಿಗಳ ಫರ್ಸಿ ನೆಲ ಬಿರುಸು, ಟಾವೆಲ್ ಮಡಚಿ ಒಂದು ಮೊಳಕಾಲು ಊರ್ರಿ, ಇನ್ನೊಂದು ಪಾದ ಮುಂದ. ಊರಿದ ಕಡಿ ಕುಂಡಿ ಬಿಗಿ ಹಿಡಿದು, ಕಿಬ್ಬೊಟ್ಟಿ ಎಲುಬು ಹೊಕ್ಕಳದ ಕಡಿ ಎತ್ತಿದಂಗ ಮಾಡ್ರಿ. ಮುಂದಕ್ಕ ವಾಲೋದು ಬ್ಯಾಡ. ಬರೋಬರಿ ಮಾಡಿದ್ರ ಅಲ್ಲೇ ತೊಡಿ ಮುಂದ ಜಗ್ತದ, ಅಷ್ಟು ಸಾಕು. 30 ಸೆಕೆಂಡ್ ಹಿಡೀರಿ, 2-3 ಸಲ.

ಬರೇ ಉದ್ದ ಮಾಡಿದ್ರ ಆಗಂಗಿಲ್ಲ, ಕಾಲು ಹಿಂದಕ್ಕ ತಳ್ಳೋ ತಾಕತ್ತೂ ಬೇಕು. ಆ ಕೆಲಸ ಕುಂಡಿಯ ಗ್ಲೂಟಿಯಸ್ ಮ್ಯಾಕ್ಸಿಮಸ್‌ದು, ಜೋಡಿಗಿ ತೊಡಿ ಹಿಂದಿನ ಹ್ಯಾಮ್‌ಸ್ಟ್ರಿಂಗ್. ಹ್ಯಾಮ್‌ಸ್ಟ್ರಿಂಗ್ ಮೊಳಕಾಲನ್ನೂ ದಾಟೋದ್ರಿಂದ, ಮೊಳಕಾಲು ಮಡಚಿದಾಗ ಗಿಡ್ಡ ಆಗಿ ಬಲ ಕಳಕೊಳ್ತದ, ಆಗ ಭಾರ ಗ್ಲೂಟ್ ಮ್ಯಾಲ ಬೀಳ್ತದ. ಅದಕ್ಕೇ ಬ್ರಿಡ್ಜ್ (ಅಂಗಾತ ಮಲಗಿ, ಮೊಳಕಾಲು ಮಡಚಿ, ಕುಂಡಿ ಮ್ಯಾಲ ಎತ್ತೋದು) ಮಾಡುವಾಗ ಹಿಮ್ಮಡ ಕುಂಡಿ ಹತ್ರ ಇಡ್ರಿ. ತೊಡಿ ಹಿಂದಿನ ಸ್ನಾಯು ಹಿಡಕೊಂಡ್ರ ಹಿಮ್ಮಡ ಇನ್ನಷ್ಟು ಒಳಗ ತಗೋರಿ. ಭುಜ, ಹಿಪ್ಪು, ಮೊಳಕಾಲು ಒಂದು ಗೆರಿಗಿ ಬರೋತನಕ ಎತ್ರಿ, ಅದಕ್ಕೂ ಮ್ಯಾಲ ಎತ್ತಿದ್ರ ಮತ್ತ ಟೊಂಕವೇ ಬಗ್ತದ. 8ರಿಂದ 12 ಸಲ, 2-3 ಸುತ್ತು. ವಾರಗಟ್ಟಲೆ ಬಿಡದೇ ಮಾಡಿದ್ರ ಫರಕ್ ಕಾಣ್ತದ.

ಒಂದು ಮಾತು ದಯವಿಟ್ಟು ಹಗುರ ತಗೋಬ್ಯಾಡ್ರಿ. ತೊಡಿ ಸಂದಿಯೊಳಗ ಆಳಕ್ಕ ನೋವು, ಚಕ್ಕಳಮಕ್ಕಳ ಕೂಡಲಿಕ್ಕ ಆಗವಲ್ದು, ಕಾಲು ಒಳಕ್ಕ ತಿರುಗವಲ್ದು, ಕುಂಟು ಬಂದದ ಅಂದ್ರ ವ್ಯಾಯಾಮ ನಿಲ್ಲಿಸಿ ಮೂಳಿ ಡಾಕ್ಟರ್‌ಗಿ ತೋರಿಸ್ರಿ. ಭಾಳ ದಿನ ಸ್ಟೆರಾಯ್ಡ್ ತಗೊಂಡೋರು, ಕುಡಿಯೋರು ವಿಶೇಷವಾಗಿ. ಹಿಪ್ಪಿನಾಗ ತೊಡಿ ಎಲುಬಿನ ತಲಿಗಿ ರಕ್ತ ಹೋಗದೇ ಎಲುಬು ಸಾಯೋ ರೋಗ ಶುರುವಿನಾಗ ಎಕ್ಸ್‌ರೇದಾಗ ಕಾಣದೇ ಇರಬಹುದು, ಎಂಆರ್‌ಐದಾಗ ಕಾಣ್ತದ.

ಯಾದಗಿರಿಯಿಂದ:
ನಮ್ಮ ಅತ್ತಿಯವರು ಹೊಲದಾಗ ಬಗ್ಗಿ ಕಳೆ ತಗದೂ ತಗದೂ ನಡು ಬಗ್ಗೇ ನಡಿತಿದ್ರು. ಮೊಳಕಾಲು ಸವದಾವ, ಊರಲಿಕ್ಕ ಆಗಂಗಿಲ್ಲ. ಹೊಟ್ಟಿ ಕೆಳಗ ತೆಳ್ಳನ ದಿಂಬು ಇಟ್ಟು ಬೋರಲು ಮಲಗ್ರಿ ಅಂತ ಹೇಳಿಕೊಟ್ಟ್ರು. ಮಧ್ಯಾಹ್ನ ಊಟ ಕರಗಿದ ಮ್ಯಾಲ ಜರಾ ಹೊತ್ತು ಹಂಗ ಮಲಗ್ತಾರ. ಈಗ ಮೊದಲಿಗಿಂತ ನೆಟ್ಟಗ ನಿಲ್ತಾರ. ವಯಸ್ಸಾದೋರಿಗಿ ಇದು ಸೋಸ್ತದ.

ಕೇಳಿದವರು:
ಮಂಚದ ಮ್ಯಾಲ ನೋಡ್ದೆ ಡಾಕ್ಟರ್. ಬಲಗಾಲು ಮ್ಯಾಲೇ ನಿಲ್ತದ, ಮೊಳಕಾಲು ನೆಟ್ಟಗ ಮಾಡಿದ್ರ ಇಳಿತದ. ಸಂದಿಯೊಳಗ ನೋವಿಲ್ಲ.

ಫಿಸಿಯೋಥೆರಪಿಸ್ಟ್, ಕಲಬುರಗಿ:
ಹಂಗಾದ್ರ ರೆಕ್ಟಸ್ ಫೆಮೊರಿಸ್. ಮೊಳಕಾಲು ಊರಿದಾಗ ಕಟಿ ಗಟ್ಟಿ ಹಿಡಿಲಿಕ್ಕ ಬಂದ ಮ್ಯಾಲೇ, ಅದೇ ಕಾಲಿನ ಪಾದ ಹಿಂದಿನಿಂದ ಕೈಲೆ ಹಿಡಿದು ಜರಾ ಎತ್ರಿ. ಟೊಂಕ ಬಗ್ಗಿದ ಕ್ಷಣಕ್ಕ ಪಾದ ಕೆಳಗ ಬಿಡ್ರಿ. ಸ್ಟ್ರೆಚ್ ಆದ ಕೂಡಲೇ ಬ್ರಿಡ್ಜ್ ಮಾಡ್ರಿ, ಆಮ್ಯಾಲ ಕೆರಿಗಿ ಹೋಗ್ರಿ. ನಡಿಯುವಾಗ ಕಾಲು ಮುಂದ ದೂರ ಚಾಚಬ್ಯಾಡ್ರಿ, ಹಿಂದಿನ ಕಾಲಿಂದ ನೆಲ ತಳ್ರಿ.