ಬೋರ್ನಿಯೋ ಕಾಡಿನ ನಡಿಗೆ, ಕೆಲಾಬಿತ್ ಮನೆಗಳಲ್ಲಿ ವಾಸ: ಹೋಗಿ ಬಂದವರು ಯಾರಿದ್ದೀರಿ?

ಕಾಡುಹಾದಿ_ಸಾಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು, ಕೆಲಸ ಬೆಂಗಳೂರಿನಲ್ಲಿ. ಕೊಡಚಾದ್ರಿ, ಕುಮಾರಪರ್ವತ, ಆಗುಂಬೆ ಕಡೆಯ ಕಾಡುಗಳಲ್ಲಿ ನಡೆದು ಅಭ್ಯಾಸ ಇದೆ. ಮಳೆ, ಕೆಸರು, ಉಂಬಳ ಯಾವುದೂ ಹೊಸದಲ್ಲ. ಮುಂದಿನ ವರ್ಷ ನಾನು ಮತ್ತು ಚಿಕ್ಕಮ್ಮನ ಮಗಳು ಬೋರ್ನಿಯೋ ದ್ವೀಪದಲ್ಲಿರುವ ಮಲೇಷ್ಯಾದ ಸರವಾಕ್ ರಾಜ್ಯಕ್ಕೆ ಹೋಗುವ ಯೋಚನೆಯಲ್ಲಿದ್ದೇವೆ. ಎರಡು ವಾರ ರಜೆ ಸಿಗುತ್ತದೆ.

ಸದ್ಯಕ್ಕೆ ಪ್ಲಾನ್ ಹೀಗಿದೆ. ಮೊದಲು ಮುಲು ಗುಹೆಗಳು, ಅಲ್ಲಿಂದ ಹೆಡ್‌ಹಂಟರ್ಸ್ ಟ್ರೇಲ್ ಅನ್ನುವ ಕಾಡುದಾರಿ ಹಿಡಿದು ಲಿಂಬಾಂಗ್ ಕಡೆಗೆ. ಆಮೇಲೆ ಕೆಲಾಬಿತ್ ಜನರ ಬೆಟ್ಟದೂರು ಬಾರಿಯೋಗೆ ವಿಮಾನ, ಬಾರಿಯೋದಿಂದ ಬಾ ಕೆಲಾಲನ್ ಅನ್ನುವ ಹಳ್ಳಿಗೆ ನಡಿಗೆ. ಸಮಯ ಉಳಿದರೆ ಇನ್ನೂ ಅಲೆಮಾರಿಗಳಾಗಿ ಬದುಕುತ್ತಿರುವ ಪೆನಾನ್ ಜನರನ್ನು ನೋಡಬೇಕು. ಹೋಟೆಲ್ ಬೇಡ. ಆದಷ್ಟು ಲಾಂಗ್‌ಹೌಸ್ ಅನ್ನುವ ಅಲ್ಲಿನ ಉದ್ದ ಕೂಡುಮನೆಗಳಲ್ಲಿ, ಅಲ್ಲಿಯವರ ಜೊತೆಗೇ ಇರಬೇಕು ಅಂತ ಆಸೆ.

ಗೈಡ್ ಇಲ್ಲದೆ ನಡೆಯಬಹುದಾ? ಇಬ್ಬರೂ ಸಸ್ಯಾಹಾರಿಗಳು, ಊಟಕ್ಕೆ ಏನು ಗತಿ? ಮನೆಯವರಿಗೆ ದುಡ್ಡು ಕೊಟ್ಟರೆ ತಪ್ಪು ತಿಳಿಯುತ್ತಾರಾ? ಅಮ್ಮನಿಗೆ ಕಾಯಿಲೆಗಳದ್ದೇ ಚಿಂತೆ. ಅದರ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರ ಆಗುತ್ತದೆ.

ಮೀರಿಯಲ್ಲಿದ್ದವ ಬರೆದದ್ದು:

ತೈಲ ಕಂಪನಿಯ ಕೆಲಸಕ್ಕೆಂದು ಮೀರಿ ಪಟ್ಟಣದಲ್ಲಿ ಕೆಲವು ವರ್ಷ ಇದ್ದೆ. ಉದ್ದ ರಜೆ ಸಿಕ್ಕಾಗಲೆಲ್ಲ ಬಾರಿಯೋಗೆ ಹೋಗುತ್ತಿದ್ದೆ. ಆ ಊರಿನ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದೇನೆ ತಂಗಿ, ನಿಮ್ಮ ಪ್ಲಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದುಹಾಕಿ. ಮುಲು ಚೆನ್ನಾಗಿದೆ, ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ, ಆದರೆ ಅದನ್ನು ಮುಂದಿನ ಪ್ರವಾಸಕ್ಕೆ ಇಡಿ. ಈ ಎರಡು ವಾರವನ್ನು ಪೂರ್ತಿ ಬಾರಿಯೋಗೂ ಅದರ ಸುತ್ತಲಿನ ಹಳ್ಳಿಗಳಿಗೂ ಕೊಡಿ.

ಯಾಕೆ ಅಂದರೆ, ಜನರ ಜೊತೆ ಇರಬೇಕು ಅಂತ ನೀವೇ ಬರೆದಿದ್ದೀರಿ. ಒಂದೊಂದು ಊರಿನಲ್ಲಿ ಒಂದೊಂದು ರಾತ್ರಿ ಮಲಗಿ ಎದ್ದು ಹೊರಟರೆ ಅದು ಆಗುವುದಿಲ್ಲ. ಮೊದಲ ಸಂಜೆ ನಿಮ್ಮನ್ನು ಮೇಜಿನ ಹತ್ತಿರ ಕೂರಿಸಿ ಬಡಿಸುತ್ತಾರೆ. ಎರಡು ದಿನ ಬಿಟ್ಟರೆ ಒಲೆ ಪಕ್ಕ ಕೂತು ನೀವೇ ಸೊಪ್ಪು ಬಿಡಿಸುತ್ತಿರುತ್ತೀರಿ. ಕಥೆಗಳು ಶುರುವಾಗುವುದು ಆ ಒಲೆ ಹತ್ತಿರವೇ. ಬಾರಿಯೋ ಅಸಲ್ ಅನ್ನುವ ಹಳೆಯ ಲಾಂಗ್‌ಹೌಸ್ ಇದೆ. ಒಂದೇ ಉದ್ದ ಸೂರು, ಹಲವು ಕುಟುಂಬ, ಅಡುಗೆ ಕಡೆ ಸಾಲಾಗಿ ಒಲೆಗಳು. ಎದುರಿನ ಉದ್ದ ಹಜಾರದ ಗೋಡೆ ತುಂಬ ಕುಟುಂಬದ ಫೋಟೋಗಳು. ಯಾವ ಮಗ ಪೈಲಟ್, ಯಾವ ಮೊಮ್ಮಗಳು ಡಾಕ್ಟರ್ ಅಂತ ಅಜ್ಜಿಯರು ಬೊಟ್ಟು ಮಾಡಿ ತೋರಿಸುತ್ತಾರೆ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಕೆಲಾಬಿತರು ಒಟ್ಟು ಕೆಲವೇ ಸಾವಿರ ಜನ. ಅವರಲ್ಲಿ ಬಹಳ ಮಂದಿ ಓದಿ ಮೀರಿ, ಕುಚಿಂಗ್ ಸೇರಿದ್ದಾರೆ. 2000ದ ಹೊತ್ತಿಗೇ ಸರವಾಕ್ ವಿಶ್ವವಿದ್ಯಾಲಯದವರು ಸೌರವಿದ್ಯುತ್ ಬಳಸಿ ಅಲ್ಲಿಗೆ ಇಂಟರ್ನೆಟ್ ತಂದಿದ್ದರು. ಹೊರಗಿನ ಪ್ರಪಂಚ ಕಾಣದ ಜನ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಯುದ್ಧವೇ ಅವರ ಮನೆ ಬಾಗಿಲಿಗೆ ಬಂದಿತ್ತು. 1945ರ ಮಾರ್ಚ್‌ನಲ್ಲಿ ಟಾಮ್ ಹ್ಯಾರಿಸನ್ ಮತ್ತು ಸಂಗಡಿಗರು ಜಪಾನೀಯರ ವಿರುದ್ಧ ಹೋರಾಟ ಕಟ್ಟಲು ಪ್ಯಾರಾಚೂಟ್‌ನಲ್ಲಿ ಇಳಿದದ್ದು ಇದೇ ಬಯಲಿಗೆ. 1963ರ ನಂತರ ಇಂಡೋನೇಷ್ಯಾ ಜೊತೆ ಗಡಿ ತಂಟೆ ಆದಾಗ ಗಡಿ ಅಂಚಿನ ಹಳ್ಳಿಗಳ ಜನ ಮನೆ ಬಿಟ್ಟು ಬಾರಿಯೋಗೆ ಬಂದು ನೆಲೆಸಿದರು. ಹಿರಿಯರನ್ನು ಈ ಬಗ್ಗೆ ಕೇಳಿ. ಸಂಜೆ ಪೂರ್ತಿ ಹೇಳುತ್ತಾರೆ.

ಹೋಗುವ ಬಗೆ. ಮೀರಿಯಿಂದ 19 ಸೀಟಿನ ಟ್ವಿನ್ ಆಟರ್ ವಿಮಾನ. ಬ್ಯಾಗಿನ ಜೊತೆ ನಿಮ್ಮನ್ನೂ ತೂಕ ಮಾಡುತ್ತಾರೆ, ಹಾಗಾಗಿ ಸಾಮಾನು ಕಡಿಮೆ ಇರಲಿ. ಮೋಡ ಇಳಿದರೆ ವಿಮಾನ ಹಾರುವುದಿಲ್ಲ. ವಾಪಸ್ ಬರುವಾಗ ಕೌಲಾಲಂಪುರದ ವಿಮಾನಕ್ಕೂ ಇದಕ್ಕೂ ನಡುವೆ ಎರಡು ದಿನ ಬಿಡಿ. ಮರ ಸಾಗಿಸುವ ಲಾರಿಗಳ ರಸ್ತೆಯಲ್ಲಿ ಜೀಪ್ ಕೂಡ ಹೋಗುತ್ತದೆ, ಆದರೆ ಇಡೀ ದಿನದ ಪಯಣ, ಮಳೆ ಬಂದರೆ ಇನ್ನೂ ಜಾಸ್ತಿ. ಬೇಕಾದ ರಿಂಗಿಟ್ (ಮಲೇಷ್ಯಾದ ಹಣ) ಎಲ್ಲ ಮೀರಿಯಲ್ಲೇ ನಗದು ಮಾಡಿಕೊಳ್ಳಿ, ಮೇಲೆ ಬಾರಿಯೋದಲ್ಲಿ ಬ್ಯಾಂಕ್ ಇಲ್ಲ. ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ 30 ದಿನಕ್ಕೆ ವೀಸಾ ಬೇಡ ಅಂತ ಮಾಡಿದ್ದಾರೆ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಸರವಾಕ್‌ಗೆ ತನ್ನದೇ ಇಮಿಗ್ರೇಷನ್ ಇದೆ, ಕೌಲಾಲಂಪುರದಿಂದ ಹೋದರೂ ಪಾಸ್‌ಪೋರ್ಟ್‌ಗೆ ಮತ್ತೆ ಮುದ್ರೆ ಬೀಳುತ್ತದೆ.

ಗೈಡ್ ವಿಷಯದಲ್ಲಿ ಎರಡು ಮಾತಿಲ್ಲ. ಕರೆದುಕೊಂಡೇ ಹೋಗಿ. ಬ್ರೂನೋ ಮ್ಯಾನ್ಸರ್ ಅಂತ ಒಬ್ಬ ಸ್ವಿಸ್ ಹೋರಾಟಗಾರ ಇದ್ದರು. ಪೆನಾನರ ಜೊತೆ ಆರು ವರ್ಷ ಕಾಡಿನಲ್ಲಿ ಬದುಕಿದವರು. 2000ದ ಮೇ ತಿಂಗಳಲ್ಲಿ ಬಾರಿಯೋ ಕಡೆಯಿಂದ ಬಾಟು ಲಾವಿ ಶಿಖರದತ್ತ ಒಬ್ಬರೇ ಹೋದರು, ಇವತ್ತಿಗೂ ಪತ್ತೆ ಇಲ್ಲ. ಅಂಥವರಿಗೇ ಹಾಗಾಗಿದೆ. ಆ ಕಾಡಿನಲ್ಲಿ ಹಾದಿ ಅನ್ನುವುದು ಬೇಟೆಗೆ ಹೋಗುವವರ ಕಾಲ್ದಾರಿ. ಒಂದು ಮರ ಬಿದ್ದರೆ ಸಾಕು, ದಾರಿ ಯಾವ ಕಡೆ ತಿರುಗಿತು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಬಾ ಕೆಲಾಲನ್ ದಾರಿ ನಡುವೆ ಇಂಡೋನೇಷ್ಯಾ ನೆಲದಲ್ಲೂ ಹಾಯುತ್ತದೆ, ಗಡಿಯಲ್ಲಿ ಮಾತಾಡಲು ಊರಿನವರೇ ಬೇಕು.

ಎಲ್ಲಿ ನಡೆಯಬೇಕು ಅಂದರೆ, ಮೊದಲು ಪಾ ಲುಂಗಾನ್. ಬಾರಿಯೋದಿಂದ ಅರ್ಧ ದಿನದ ದಾರಿ, ಎಮ್ಮೆಗಳು ತುಳಿದ ಕೆಸರು, ಹತ್ತಿರದಲ್ಲಿ ಬಾಟು ರಿತುಂಗ್ ಅನ್ನುವ ಹಳೆಯ ಕಲ್ಲಿನ ಮೇಜಿನಂಥ ರಚನೆ. ಅಲ್ಲಿ ಎರಡು ಮೂರು ರಾತ್ರಿ ಇರಿ. ಕಾಲು ಗಟ್ಟಿ ಇದ್ದರೆ ಅಲ್ಲಿಂದ ಗುನುಂಗ್ ಮುರುದ್ ಹತ್ತಬಹುದು, 2,424 ಮೀಟರ್, ಸರವಾಕ್‌ನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಇಲ್ಲವಾದರೆ ದಕ್ಷಿಣಕ್ಕೆ ಪಾ ದಾಲಿಹ್, ರಮುದು ಕಡೆ ಹೋಗಿ. ಅಲ್ಲಿಗೆ ಪ್ರವಾಸಿಗರು ಕಡಿಮೆ.

ಉಪ್ಪು ಮಾಡುವ ಜಾಗಕ್ಕಂತೂ ತಪ್ಪದೆ ಹೋಗಿ. ಸಮುದ್ರದಿಂದ ಅಷ್ಟು ದೂರ, ಸಾವಿರ ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ಉಪ್ಪುನೀರಿನ ಬುಗ್ಗೆ. ಆ ನೀರನ್ನು ದೊಡ್ಡ ಕೊಪ್ಪರಿಗೆಯಂಥ ಪಾತ್ರೆಗಳಿಗೆ ತುಂಬಿ ಹಗಲು ರಾತ್ರಿ ಸೌದೆ ಉರಿಸಿ ಇಂಗಿಸುತ್ತಾರೆ. ಉಳಿದ ಒದ್ದೆ ಉಪ್ಪನ್ನು ಬಿದಿರಿನ ಕೊಳವೆಗೆ ಗಟ್ಟಿಯಾಗಿ ಜಡಿದು ಬೆಂಕಿಗಿಡುತ್ತಾರೆ. ಬಿದಿರು ಸುಟ್ಟುಹೋಗಿ ಒಳಗಿನ ಉಪ್ಪು ಕಲ್ಲಿನಷ್ಟು ಗಟ್ಟಿಯಾಗಿ ಉಳಿಯುತ್ತದೆ. ಅದನ್ನು ಎಲೆಯಲ್ಲಿ ಸುತ್ತಿ ಮಾರುತ್ತಾರೆ. ಒಂದು ಸಂಜೆ ಅಲ್ಲಿ ಸೌದೆ ಒಡ್ಡುತ್ತ ಕೂತವರಿಗೆ ಆ ಉಪ್ಪಿನ ಬೆಲೆ ಯಾಕೆ ಅಷ್ಟು ಅಂತ ಕೇಳುವ ಮನಸ್ಸೇ ಬರುವುದಿಲ್ಲ.

ದುಡ್ಡಿನ ವಿಷಯ: ಖಂಡಿತ ಕೊಡಿ. ಮನೆಗೆ ಇಷ್ಟು, ಗೈಡ್‌ಗೆ ದಿನಕ್ಕೆ ಇಷ್ಟು, ಹೊರೆ ಹೊರುವವರಿಗೆ ಇಷ್ಟು ಅಂತ ಫೋನಿನಲ್ಲೇ ಮಾತಾಡಿಕೊಳ್ಳಿ. ಚೌಕಾಸಿ ಮಾಡಬೇಡಿ. ಒಂದು ಡಬ್ಬಿ ಹಾಲಿನಪುಡಿ ಕೂಡ ವಿಮಾನದಲ್ಲೋ ಜೀಪಿನಲ್ಲೋ ಬರಬೇಕಾದ ಊರು ಅದು. ಹೊಲದ ಕೆಲಸ ಬಿಟ್ಟು ನಿಮ್ಮ ಜೊತೆ ಬರುವವರಿಗೆ ಆ ದಿನದ ದುಡಿಮೆ ಸಿಗಬೇಕು.

ಡಾಕ್ಟರ್_ತೀರ್ಥಹಳ್ಳಿ ಬರೆದದ್ದು:

ಅಮ್ಮನ ಚಿಂತೆಗೆ ನಾನು ಉತ್ತರ ಕೊಡುತ್ತೇನೆ.

ನಮ್ಮ ಕಡೆಯ ಮಂಗನ ಕಾಯಿಲೆ ಅಲ್ಲಿಲ್ಲ. ಆದರೆ ಮಂಗಗಳಿಂದಲೇ ಬರುವ ಒಂದು ಮಲೇರಿಯಾ ಇದೆ, ಪ್ಲಾಸ್ಮೋಡಿಯಂ ನೋಲೆಸಿ ಅಂತ. ಅದು ಇಷ್ಟೊಂದು ಜನರಿಗೆ ಬರುತ್ತಿದೆ ಅಂತ 2004ರಲ್ಲಿ ಗೊತ್ತಾದದ್ದೇ ಸರವಾಕ್‌ನ ಕಪಿತ್‌ನಲ್ಲಿ, ಬಲ್‌ಬೀರ್ ಸಿಂಗ್ ಅವರ ತಂಡದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಲೇರಿಯಾವನ್ನು ಮಲೇಷ್ಯಾ ಬಹುಪಾಲು ಓಡಿಸಿದೆ, ಇದು ಮಾತ್ರ ಕಾಡಿನಲ್ಲಿ ಉಳಿದಿದೆ. ಈ ರೋಗಾಣು 24 ಗಂಟೆಗೊಮ್ಮೆ ರಕ್ತದಲ್ಲಿ ಹೆಚ್ಚುತ್ತದೆ, ಹಾಗಾಗಿ ಬೇಗ ಏರುತ್ತದೆ. ವಾಪಸ್ ಬಂದ ಮೇಲೆ ಕೆಲವು ವಾರದೊಳಗೆ ಜ್ವರ ಬಂದರೆ "ಬೋರ್ನಿಯೋ ಕಾಡಿನಲ್ಲಿದ್ದೆ" ಅಂತ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಇಲಿ ಜ್ವರ ನಮಗೆ ಗೊತ್ತಿರುವುದೇ. 2000ದಲ್ಲಿ ಪಕ್ಕದ ಸಬಾ ರಾಜ್ಯದಲ್ಲಿ ಇಕೋ ಚಾಲೆಂಜ್ ಅನ್ನುವ ಸಾಹಸ ಸ್ಪರ್ಧೆ ನಡೆದಾಗ ನದಿಯಲ್ಲಿ ಈಜಿದ ಹಲವರಿಗೆ ಅದು ಬಂದಿತ್ತು. ಕಾಲಿನಲ್ಲಿ ಗಾಯ ಇದ್ದಾಗ ಹೊಳೆಗೆ ಇಳಿಯಬೇಡಿ. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಅಂತ ಹೊರಡುವ ತಿಂಗಳ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ, ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ.

ಉಂಬಳ ಕಚ್ಚಿದರೆ ಹೆದರುವುದು ಬೇಡ. ಉಗುರಿನಿಂದ ಅದರ ಬಾಯಿಯ ಅಂಚು ಬಿಡಿಸಿ, ಸೋಪು ಹಾಕಿ ತೊಳೆಯಿರಿ, ಕೆರೆಯಬೇಡಿ. ಕೆರೆದ ಗಾಯ ಆ ತೇವದಲ್ಲಿ ಒಣಗುವುದಿಲ್ಲ.

ಕೊಡಗಿನ_ಮಳೆ ಬರೆದದ್ದು:

ಊಟದ ಬಗ್ಗೆ ಮೊದಲು. ಬಾರಿಯೋ ಅಕ್ಕಿ ಸಣ್ಣ ಕಾಳು, ಘಮ ಬೇರೆಯೇ. ವರ್ಷಕ್ಕೆ ಒಂದೇ ಬೆಳೆ. ಅನ್ನವನ್ನು ಮೆತ್ತಗೆ ಬೇಯಿಸಿ, ಅರೆದು, ಎಲೆಯಲ್ಲಿ ಸುತ್ತಿ ಕೊಡುತ್ತಾರೆ, ನೂಬಾ ಲಾಯಾ ಅಂತ. ಜೊತೆಗೆ ಮರಗೆಣಸಿನ ಸೊಪ್ಪು, ಎಳೆ ಬಿದಿರು, ಕಾಡಿನ ಜರಿಗಿಡದ ಚಿಗುರು. ನಮ್ಮ ಕೊಡಗಿನ ತೆರ್ಮೆ ಸೊಪ್ಪು (ಜರಿಗಿಡದ ಚಿಗುರು), ಬೈಂಬಳೆ (ಕಳಲೆ) ತಿಂದವರಿಗೆ ಹೊಸದು ಅನ್ನಿಸುವುದಿಲ್ಲ. ಅನಾನಸ್ ಬಹಳ ಸಿಹಿ. ಎಚ್ಚರ ಬೇಕಾದದ್ದು ಬೆಲಾಚಾನ್‌ಗೆ, ಅಂದರೆ ಸಿಗಡಿ ಅರೆದು ಹುದುಗಿಸಿದ ಮಸಾಲೆ. ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. "ಸಾಯಾ ತಕ್ ಮಾಕನ್ ದಾಗಿಂಗ್, ಇಕಾನ್, ಉದಾಂಗ್, ಬೆಲಾಚಾನ್" ಅಂತ ಅಡುಗೆ ಶುರುವಾಗುವ ಮುಂಚೆ ಹೇಳಿ. ಮಾಂಸ, ಮೀನು, ಸಿಗಡಿ ಎಲ್ಲ ಬೇಡ ಅಂತ ಅರ್ಥವಾಗುತ್ತದೆ.

ಇನ್ನು ಪೆನಾನರ ಮಾತು. ಅಲೆಮಾರಿಗಳನ್ನು ನೋಡಬೇಕು ಅಂತ ದಯವಿಟ್ಟು ಹೋಗಬೇಡಿ. ಅವರಲ್ಲಿ ಹೆಚ್ಚಿನವರು ಈಗ ಹಳ್ಳಿ ಕಟ್ಟಿಕೊಂಡಿದ್ದಾರೆ. ಹಾಗೆ ನೆಲೆಸಿದ್ದರ ಹಿಂದೆ ಬಹಳ ನೋವಿದೆ. ಸಬ್ಬಕ್ಕಿ ಕೊಡುವ ಕಾಡು ತಾಳೆ, ಬೆತ್ತ, ಬೇಟೆ, ಕುಡಿಯುವ ಹೊಳೆ ಎಲ್ಲವೂ ಮರ ಕಡಿಯುವವರ ಕೈಗೆ ಹೋದಾಗ 1987ರಲ್ಲಿ ಬರಾಮ್ ನದಿಯ ಕಡೆ ಹೆಂಗಸರು ಮಕ್ಕಳು ಸಮೇತ ರಸ್ತೆಗೆ ಅಡ್ಡ ನಿಂತರು. ಅಂಥ ಜನರ ಮುಂದೆ ಕ್ಯಾಮೆರಾ ಹಿಡಿದು ಇನ್ನೂ ಕಾಡಿನಲ್ಲಿ ಯಾರು ಉಳಿದಿದ್ದೀರಿ ಅಂತ ಕೇಳುವುದು ಸರಿಯಲ್ಲ. ಪರಿಚಯದವರ ಮೂಲಕ ಊರಿನ ಮುಖಂಡರು ಕರೆದರೆ ಹೋಗಿ. ಇಲ್ಲದಿದ್ದರೆ ಅವರು ನೇಯುವ ಬೆತ್ತದ ಬುಟ್ಟಿ, ಚಾಪೆ ಕೊಳ್ಳಿ. ಆ ಕೆಲಸ ಎಷ್ಟು ಬಿಗಿ, ಎಷ್ಟು ಚೆಂದ ಅಂತ ಕೈಯಲ್ಲಿ ಹಿಡಿದಾಗಲೇ ಗೊತ್ತಾಗುವುದು.

ನೀವು ಸಾಗರದವರು. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಮಾತು ಕೇಳಿಯೇ ಬೆಳೆದಿರುತ್ತೀರಿ, ಅಲ್ವಾ? ಸರವಾಕ್‌ನಲ್ಲೂ ಬಾಕುನ್ ಅಣೆಕಟ್ಟಿಗೆಂದು 1990ರ ದಶಕದ ಕೊನೆಗೆ ಸುಮಾರು 10 ಸಾವಿರ ಜನರನ್ನು ಎಬ್ಬಿಸಿ ಆಸಾಪ್ ಅನ್ನುವ ಕಡೆ ಕೂರಿಸಿದರು. ಬರಾಮ್ ನದಿಗೂ ಅಣೆಕಟ್ಟು ಬರಬೇಕಿತ್ತು. 2013ರಲ್ಲಿ ಊರಿನವರು ದಾರಿಗೆ ತಡೆ ಕಟ್ಟಿ ಹಗಲು ರಾತ್ರಿ ಕಾದರು. 2016ರಲ್ಲಿ ಭೂಸ್ವಾಧೀನದ ಆದೇಶ ರದ್ದಾಯಿತು. ಶರಾವತಿಯ ಕಥೆ ನಿಮ್ಮ ಹತ್ತಿರ ಇದೆ, ಅದನ್ನು ಅವರಿಗೆ ಹೇಳಿ. ನಾವು ಬರೀ ಕೇಳುವವರಾಗಿ ಹೋಗುವುದಕ್ಕಿಂತ ಹಂಚಿಕೊಳ್ಳಲು ಏನಾದರೂ ಇದ್ದರೆ ಮಾತು ಚೆನ್ನಾಗಿ ಬೆಳೆಯುತ್ತದೆ.

ಕಿವಿ ಹಾಲೆ ಉದ್ದವಾಗಿ ಇಳಿಬಿಟ್ಟ ಅಜ್ಜಿಯರು ಈಗ ಕೆಲವರೇ ಉಳಿದಿದ್ದಾರೆ. ಅವರನ್ನು ನಿಲ್ಲಿಸಿ ಫೋಟೋ ತೆಗೆಯಬೇಡಿ. ಪರಿಚಯ ಆದ ಮೇಲೆ ಕೇಳಿ, ಒಪ್ಪಿದರೆ ತೆಗೆದು ಪ್ರಿಂಟ್ ಹಾಕಿಸಿ ಕಳಿಸಿ.

ಕಾಡುಹಾದಿ_ಸಾಗರ ಬರೆದದ್ದು:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಇಬ್ಬರೂ ಕೂತು ಓದಿದೆವು. ಮುಲು, ಟ್ರೇಲ್, ಪೆನಾನ್ ಹಳ್ಳಿ ಮೂರೂ ಬಿಟ್ಟೆವು. ಬಾರಿಯೋ, ಪಾ ಲುಂಗಾನ್, ಆಮೇಲೆ ದಕ್ಷಿಣದ ಹಳ್ಳಿಗಳು, ಅಷ್ಟೇ. ಡಾಕ್ಟ್ರೇ, ನಿಮ್ಮ ಉತ್ತರವನ್ನು ಅಮ್ಮನಿಗೂ ಓದಿ ಹೇಳಿದೆ.

ಮೀರಿ ಸರ್, ಇನ್ನೆರಡು ಪ್ರಶ್ನೆ. ಶೂ ಯಾವುದು ಒಳ್ಳೆಯದು? ದುಡ್ಡಲ್ಲದೆ ಊರಿನಿಂದ ಏನಾದರೂ ತೆಗೆದುಕೊಂಡು ಹೋಗಬೇಕು ಅನ್ನಿಸುತ್ತಿದೆ, ಏನು ತರಲಿ?

ಮೀರಿಯಲ್ಲಿದ್ದವ ಬರೆದದ್ದು:

ದುಬಾರಿ ಟ್ರೆಕಿಂಗ್ ಶೂ ಮನೆಯಲ್ಲೇ ಇರಲಿ. ಮೀರಿಯ ಅಂಗಡಿಗಳಲ್ಲಿ ಕಪ್ಪು ರಬ್ಬರ್ ಶೂ ಸಿಗುತ್ತದೆ, ಅಡಿಯಲ್ಲಿ ಗುಬಟು ಗುಬಟು ಇರುವಂಥದ್ದು. ಅದಕ್ಕೆ ಎಲ್ಲರೂ ಅಡಿಡಾಸ್ ಕಾಂಪುಂಗ್, ಅಂದರೆ ಹಳ್ಳಿ ಅಡಿಡಾಸ್ ಅಂತಲೇ ಕರೆಯುತ್ತಾರೆ. ಗೈಡ್‌ಗಳೆಲ್ಲ ಹಾಕುವುದು ಅದನ್ನೇ. ಕೆಸರಿನಲ್ಲಿ ಹಿಡಿತ ಚೆನ್ನಾಗಿದೆ, ಹೊಳೆಯಲ್ಲಿ ತೊಳೆದರೆ ಆಯಿತು. ಒಳಗೆ ಮೊಣಕಾಲವರೆಗಿನ ಉಂಬಳದ ಕಾಲುಚೀಲ ಹಾಕಿ. ಅಲ್ಲಿನ ಪಟ್ಟೆ ಉಂಬಳ ನೆಲದಲ್ಲಿರುವುದಕ್ಕಿಂತ ಎಲೆಗಳ ಮೇಲೆ ಜಾಸ್ತಿ ಇರುತ್ತದೆ, ಸೊಂಟ, ಕೈ, ಕುತ್ತಿಗೆ ಕೂಡ ನೋಡಿಕೊಳ್ಳುತ್ತಿರಿ. ರಾತ್ರಿ ಚಳಿ ಇರುತ್ತದೆ, ಒಂದು ಸ್ವೆಟರ್ ಬೇಕು.

ಊರಿನಿಂದ ಕಾಫಿಪುಡಿ ತನ್ನಿ. ಒಲೆ ಸುತ್ತ ಕೂತಾಗ ನೀವೇ ಮಾಡಿಕೊಡಿ. ಮಕ್ಕಳಿಗೆ ದಾರಿಯಲ್ಲಿ ಚಾಕೊಲೇಟ್ ಹಂಚಬೇಡಿ, ಕೊಡುವುದನ್ನು ಮನೆಯ ಹಿರಿಯರ ಕೈಗೆ ಕೊಡಿ. ಮದ್ಯ ಖಂಡಿತ ಬೇಡ. ಸರವಾಕ್‌ನ ಇನ್ನೊಂದು ಜನಾಂಗವಾದ ಇಬಾನರ ಮನೆಗಳಲ್ಲಿ ತುವಾಕ್ ಅನ್ನುವ ಅಕ್ಕಿ ಮದ್ಯ ಕೊಟ್ಟು ಸ್ವಾಗತಿಸುವುದುಂಟು. ಕೆಲಾಬಿತರು ಹಾಗಲ್ಲ, ಚರ್ಚಿಗೆ ಹೋಗುವ ಜನ, ಕುಡಿತ ಬಿಟ್ಟವರು.

ಇನ್ನೊಂದು, ಹೆಸರು. ಮೊದಲ ಮಗು ಹುಟ್ಟಿದಾಗ ಅಪ್ಪ ಅಮ್ಮ ಹೊಸ ಹೆಸರು ಇಟ್ಟುಕೊಳ್ಳುತ್ತಾರೆ, ಮೊಮ್ಮಗು ಬಂದಾಗ ಅಜ್ಜ ಅಜ್ಜಿಯ ಹೆಸರೂ ಬದಲಾಗುತ್ತದೆ. ಅದಕ್ಕೆ ಇರಾವ್ ಅಂತ ದೊಡ್ಡ ಊಟದ ಹಬ್ಬ ಮಾಡುತ್ತಾರೆ. ನೀವಿರುವಾಗ ಯಾರದ್ದಾದರೂ ಇದ್ದರೆ ನಿಮ್ಮನ್ನೂ ಕರೆಯುತ್ತಾರೆ, ಖಂಡಿತ ಹೋಗಿ. ಅಡುಗೆ ಕೆಲಸಕ್ಕೆ ಕೈ ಹಾಕಿ. ಜುಲೈನಲ್ಲಿ ಹೋಗುವುದಾದರೆ ನುಕೆನೆನ್ ಅನ್ನುವ ಅಡುಗೆ ಹಬ್ಬ ಸಾಮಾನ್ಯವಾಗಿ ಆಗಲೇ ಬರುತ್ತದೆ. ಆಗ ಮನೆಗಳು ತುಂಬಿರುತ್ತವೆ, ತಿಂಗಳುಗಳ ಮುಂಚೆ ಜಾಗ ಹೇಳಿಡಿ.

ಗೈಡ್ ಜೊತೆ ದಿನಗಳನ್ನು ಗೊತ್ತು ಮಾಡುವಾಗ ಭಾನುವಾರ ನಡಿಗೆ ಇಡಬೇಡಿ. ಅವತ್ತು ಎಲ್ಲರೂ ಚರ್ಚಿನಲ್ಲಿರುತ್ತಾರೆ, ಮಧ್ಯಾಹ್ನ ಮನೆಯವರ ಜೊತೆ ಊಟಕ್ಕೆ ಇರಿ, ಸೋಮವಾರ ಬೆಳಿಗ್ಗೆ ಹೊರಡಿ.