ಕಪ್ಪಾದ ಸ್ಪೂನ್ ಗಾಳಗಳನ್ನು ಹೇಗೆ ಬೆಳಗಿದ್ರಿ? ಅನುಭವ ಹೇಳಿ

ಕೆಲಗೇರಿ ದಂಡೆ, ಧಾರವಾಡ: ಅಪ್ಪನ ಗಾಳದ ಡಬ್ಬಿಯಲ್ಲಿ, ಮೀನು ಸೆಳೆಯೋಕೆ ನೀರಲ್ಲಿ ಎಳೆಯೋ ಚಮಚದಂಥ ಲೋಹದ ಹಳೆ ಸ್ಪೂನ್‌ಗಳು ಸಿಕ್ಕಿವೆ. ಕೆಲವು ಹಿತ್ತಾಳೆ, ಕೆಲವಕ್ಕೆ ನಿಕಲ್ ಲೇಪ. ಎಲ್ಲ ಕಪ್ಪಾಗಿವೆ, ಹುಕ್‌ಗೆ ತುಕ್ಕು ಹಿಡಿದಿದೆ. ಏನು ಮಾಡಲಿ?

ರಾಣೆಬೆನ್ನೂರಿನವ: ಹುಣಸೆಹಣ್ಣು, ಉಪ್ಪು. ಮುಗೀತು. ಅವ್ವ ತಾಮ್ರದ ಕೊಡ ತಿಕ್ಕೋದು ನೋಡಿಲ್ವಾ? ಹಾಗೆ ಬೆಳಗಿದ ಸ್ಪೂನ್‌ಗೇ ಚೌಡಯ್ಯದಾನಪುರದ ಹತ್ತಿರ ತುಂಗಭದ್ರೆಯಲ್ಲಿ ಬಾಳೆಮೀನು ಹೊಡೆಯಿತು. ಇದಕ್ಕೂ ದುಡ್ಡು ಸುರಿಯುವವರನ್ನು ಕಂಡರೆ ನಗು ಬರುತ್ತೆ.

ಹುಬ್ಬಳ್ಳಿ ರೀಲ್: ನಗ್ರೀ, ನಗ್ರೀ. ಲೇಪ ಕಿತ್ತುಹೋದ ಮೇಲೆ ಹುಣಸೆಹಣ್ಣು ಏನು ಮಾಡುತ್ತೆ? ನಾನು ಒಂದು ಪ್ಲೇಟಿಂಗ್ (ಲೋಹದ ಲೇಪ ಹಾಕೋ) ಅಂಗಡಿಗೆ ಕೊಟ್ಟೆ. ಮೊದಲು 400 ಅಂದರು. ಬಫಿಂಗ್‌ಗೆ (ಚಕ್ರಕ್ಕೆ ಹಿಡಿದು ಉಜ್ಜೋದು) ಬೇರೆ 150. ನಿಕಲ್ ಕೆಳಗೆ ತಾಮ್ರದ ಕೋಟಿಂಗ್ ಬೇಕು ಅಂತ ಇನ್ನೂ 200. ಆಟೋ ಬಾಡಿಗೆ ನನ್ನದೇ. ಬಫ್ ಮಾಡಿ ಮಾಡಿ ಅಂಚು ಸವೆಸಿಬಿಟ್ಟಿದ್ದಾರೆ. ಮೇಲಿದ್ದ ಸುತ್ತಿಗೆ ಗುಳಿಗಳೇ ಮಾಯ! ಈಗ ಎಳೆದರೆ ಓಲಾಡಲ್ಲ, ಗಿರಗಿರ ತಿರುಗಿ ದಾರ ಹುರಿಗಟ್ಟುತ್ತೆ. ಕೇಳಿದರೆ "ಹೊಳೀತದಲ್ರೀ" ಅಂದರು.

ಗದಗ ಮುಂಡರಗಿ: ಹುಣಸೆಯಲ್ಲಿ ಎಷ್ಟು ಹೊತ್ತು ಅಂತ ಯಾರೂ ಹೇಳ್ತಿಲ್ಲ. ನನ್ನ ಭಾವ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದ. ಸತು ಕರಗಿ ತಾಮ್ರ ಮೇಲೆದ್ದು ಹಿತ್ತಾಳೆ ಗುಲಾಬಿ ಆಯಿತು. ನಾನು ಹುಕ್, ರಿಂಗ್ ಬಿಚ್ಚಿ ಎರಡು ನಿಮಿಷ ನಿಂಬೆಹಣ್ಣು ಉಪ್ಪು ತಿಕ್ಕುತ್ತೇನೆ. ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಣ್ಣವಿಲ್ಲದ ನೇಲ್ ಪಾಲಿಷ್ ಬಳಿಯುತ್ತೇನೆ. ಗಾಳಿ ತಾಗದಿದ್ದರೆ ಕಪ್ಪಾಗೋದು ತಡ. ನಿಕಲ್‌ಗೆ ಸೋಪು, ಮೆತ್ತನೆ ಬಟ್ಟೆ ಅಷ್ಟೇ.

ರಾಣೆಬೆನ್ನೂರಿನವ: ನೇಲ್ ಪಾಲಿಷ್ ಅಂತೆ! ಹೊಳೆ ಕಲ್ಲಿಗೆ ತಾಗಿದರೆ ಸಿಪ್ಪೆ ಏಳುತ್ತೆ. ಉಗುರಿಗೇ ಹಚ್ಚಿಕೊಳ್ಳಿ.

ಗದಗ ಮುಂಡರಗಿ: ಎದ್ದರೆ ಮತ್ತೆ ಬಳಿದರಾಯ್ತು. ನಿಮ್ಮ ಬಾಳೆಮೀನಿನ ಫೋಟೋ ಎಲ್ಲಿ?

ವರದಾ ಹಾವೇರಿ: ಸುಮ್ನೆ ಜಗಳ. ತಿಳಿ ನೀರು, ಸುಡು ಬಿಸಿಲು ಇದ್ದಾಗ ನನ್ನ ಮಂಕು ಸ್ಪೂನೇ ಜಾಸ್ತಿ ಹಿಡಿದಿದೆ. ಕನ್ನಡಿ ಹಾಗೆ ಹೊಳೆದರೆ ಮೀನು ಬೆದರುತ್ತೆ. ಕೆಂಪು ನೀರಿಗೆ ಮಾತ್ರ ಹೊಳಪು ಬೇಕು. ನಿಜ ಹೇಳ್ಲಾ? ಎರೆಹುಳದ ಮುಂದೆ ಇವೆಲ್ಲ ಆಟಿಕೆ.

ಹುಬ್ಬಳ್ಳಿ ರೀಲ್: ಎರೆಹುಳದವರು ಇಲ್ಲಿಗೇಕೆ ಬಂದ್ರಿ? ಇದು ಲೂರ್ (ಹುಸಿ ಎರೆ) ಮಾತು.

ವರದಾ ಹಾವೇರಿ: 750 ಕೊಟ್ಟು ದಾರ ಹುರಿ ಮಾಡಿಕೊಂಡವರಿಗಿಂತ ವಾಸಿ ಬಿಡ್ರೀ.

ಕೆಲಗೇರಿ ದಂಡೆ, ಧಾರವಾಡ: ಅಣ್ಣಾರೇ, ಹುಕ್ ತುಕ್ಕಿನ ಬಗ್ಗೆ ಕೇಳಿದ್ದೆ...

ಗದಗ ಮುಂಡರಗಿ: ಬಿಸಾಕಿ, ಹೊಸದು ಹಾಕಿ. ರಾಣೆಬೆನ್ನೂರಿನವರೇ, ಫೋಟೋ?